ಇಳಿಯುವ ಮುನ್ನ ಮೂತಿ ತೂಗುವಾಕೆ

ಬೆಳಗಿನ ಐದೂಮುಕ್ಕಾಲು. ಕೆಳಗೆ ಕಣಿವೆಯಲ್ಲಿ ಇನ್ನೂ ಕತ್ತಲು. ಬೆಟ್ಟದ ನೆತ್ತಿಯ ತಂಗುದಾಣದಲ್ಲಿ ಆಗಲೇ ಮಬ್ಬುಬೆಳಕು. ಗಾಲಿಗಳ ಮೇಲಿನ ಪುಟ್ಟ ಮನೆಗಳು, ಮಲಗುವ ವ್ಯಾನುಗಳು, ಕಾರಿಗೆ ಸಿಕ್ಕಿಸಿ ಎಳೆಯುವ ಟ್ರೇಲರುಗಳು ಪರದೆ ಎಳೆದುಕೊಂಡು ಸಾಲಾಗಿ ನಿದ್ದೆಹೋಗಿವೆ. ಗೇಟಿನ ಬಳಿ ಐವತ್ತೆಂಟರ ಹೆಂಗಸೊಬ್ಬರು ಒದ್ದೆ ಜಲ್ಲಿಯ ಮೇಲೆ ಮಂಡಿಯೂರಿ ಕುಳಿತಿದ್ದಾರೆ. ಅವರ ಮುಂದೆ ನಾವು ನೀವು ಹತ್ತಿ ನಿಂತು ತೂಕ ನೋಡಿಕೊಳ್ಳುವಂಥ ಸಾದಾ ಯಂತ್ರ. ಅದರ ಮೇಲೊಂದು ಮರದ ತುಂಡು, ತುಂಡಿನ ಮೇಲೆ ಟ್ರೇಲರಿನ ಮೂತಿ. ಮೂತಿ ಎಂದರೆ ಕಾರಿಗೆ ಸಿಕ್ಕಿಸುವ ಮುಂದಿನ ಕೊಕ್ಕೆ.

"ಹದಿನಾರು ಕಿಲೋ," ಎನ್ನುತ್ತಾರೆ ಅವರು. ಎತ್ತಿ ಇಳಿಸಿ ಮತ್ತೆ ನೋಡುತ್ತಾರೆ. ಮತ್ತೆ ಹದಿನಾರೇ. "ಇದು ಬೆಟ್ಟ ಇಳಿಯೋ ಹಾಗಿಲ್ಲಪ್ಪ."

ಟ್ರೇಲರಿನ ಯುವಕ ಗಡಿಯಾರ ನೋಡಿಕೊಳ್ಳುತ್ತಾನೆ. ಕೆಳಗಿನ ಊರಿನಲ್ಲಿ ಅವನ ಹೆಂಡತಿಗೆ ಹೊಲಿಗೆ ಕೆಲಸ ಸಿಕ್ಕಿದೆ. ಇವತ್ತೇ ಮೊದಲ ದಿನ, ಹತ್ತು ಗಂಟೆಗೆ ಹಾಜರಾಗಬೇಕು. ಎಂಟಾದರೆ ಕಣಿವೆಯಿಂದ ಗಾಳಿ ಏಳುತ್ತದೆ. "ಚಿಕ್ಕಮ್ಮ, ನಾವು ಇರೋದನ್ನೆಲ್ಲ ಕಮ್ಮಿ ಮಾಡಿಕೊಂಡೇ ಈ ದಾರಿ ಹಿಡಿದವರು. ನಿನ್ನೆ ಸಂಜೆ ಕೂಡ ಅರವತ್ತು ಕಿಲೋ ಪುಸ್ತಕ, ಪಾತ್ರೆ ಕೊಟ್ಟುಬಿಟ್ಟಿದ್ದೀವಿ. ನಮ್ಮಷ್ಟು ಹಗುರ ಇಲ್ಲಿ ಯಾರಿದ್ದಾರೆ?"

"ಹಗುರ ಆಗಿದ್ದು ಸರಿ. ಎಲ್ಲಿಂದ ಆಯ್ತು?"

"ಮುಂದಿನ ಪೆಟ್ಟಿಗೆಯಿಂದ."

"ಹಿಂದಿನ ಟ್ಯಾಂಕಿಗೆ ನೀರು ತುಂಬಿಸಿದ್ರಾ?"

"ಐವತ್ತು ಲೀಟರು. ದಾರಿಗೆ ಬೇಡ್ವಾ?"

ಈ ಹೆಂಗಸನ್ನು ತಂಗುದಾಣದಲ್ಲಿ ಎಲ್ಲರೂ ಕರೆಯುವುದು ತಕ್ಕಡಿ ಚಿಕ್ಕಮ್ಮ ಎಂದೇ. ಕಾಗದದ ಮೇಲೆ ಅವರದು ಗೇಟು ತೆಗೆದು ಹಾಕುವ, ಶೌಚಾಲಯ ತೊಳೆಯುವ ಕೆಲಸ. ತೂಗುವುದು ಯಾರೂ ಹೇಳದೆ ತಾವೇ ತಲೆಗೆ ಕಟ್ಟಿಕೊಂಡದ್ದು. ದಿನಕ್ಕೆ ಆರೇಳು ಟ್ರೇಲರು, ರಜೆಯ ದಿನಗಳಲ್ಲಿ ಹದಿನೈದರವರೆಗೂ. ಐದರಲ್ಲಿ ಒಂದರ ಮೂತಿ ಹಗುರವಾಗಿರುತ್ತದೆ. ಹೊಸದಾಗಿ ಸಾಮಾನು ಕಮ್ಮಿ ಮಾಡಿಕೊಂಡವರದೇ ಹೆಚ್ಚು ಎಂಬುದು ಅವರು ಹನ್ನೊಂದು ವರ್ಷ ನೋಡಿ ಕಂಡುಕೊಂಡ ಮಾತು.

ಲೆಕ್ಕ ಸರಳ. ಸಣ್ಣ ಟ್ರೇಲರಿಗೆ ಗಾಲಿಗಳಿರುವುದು ನಡುವೆ. ಅದು ಒಂದು ತಕ್ಕಡಿಯಿದ್ದಂತೆ. ಮುಂದಿನದನ್ನು ಇಳಿಸಿದರೂ ಹಿಂದಕ್ಕೆ ಸೇರಿಸಿದರೂ ಮೂತಿ ಮೇಲೇಳುತ್ತದೆ. ಈ ದಂಪತಿಯ ಟ್ರೇಲರಿನ ಒಟ್ಟು ತೂಕ ನಿನ್ನೆ ಏಳುನೂರು ಕಿಲೋ ಇದ್ದದ್ದು ಇವತ್ತು ಹತ್ತು ಕಡಿಮೆ. ಆದರೆ ಕೊಕ್ಕೆಯ ಮೇಲೆ ಕನಿಷ್ಠ ಐವತ್ತಾದರೂ ಬೀಳಬೇಕಾದಲ್ಲಿ ಬೀಳುತ್ತಿರುವುದು ಹದಿನಾರು. ಸಪಾಟು ರಸ್ತೆಯಲ್ಲಿ ನಿಧಾನವಾಗಿ ಹೋದರೆ ಏನೂ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ವೇಗ ಬಂದು, ಪಕ್ಕದಿಂದ ಒಮ್ಮೆ ಗಾಳಿ ತಳ್ಳಿತೋ, ಬಾಲ ಅತ್ತಿತ್ತ ಆಡತೊಡಗುತ್ತದೆ. ಒಂದೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದು. ನಾಲ್ಕನೆಯದೋ ಐದನೆಯದೋ ಹೊತ್ತಿಗೆ ಕಾರು ಟ್ರೇಲರನ್ನು ಎಳೆಯುತ್ತಿರುವುದಿಲ್ಲ, ಟ್ರೇಲರೇ ಕಾರನ್ನು ಎಳೆದಾಡುತ್ತಿರುತ್ತದೆ.

ಚಿಕ್ಕಮ್ಮ ಇದನ್ನು ಪುಸ್ತಕದಲ್ಲಿ ಓದಿದವರಲ್ಲ. ಹನ್ನೆರಡು ವರ್ಷದ ಹಿಂದೆ ಅವರೂ ಅವರ ಗಂಡನೂ ಒಂದು ಟ್ರೇಲರಿನಲ್ಲೇ ಸಂಸಾರ ಹೂಡಿ, ಊರೂರು ಸುತ್ತಿ ಕತ್ತರಿ ಚಾಕು ಸಾಣೆ ಹಿಡಿದು ಬದುಕುತ್ತಿದ್ದರು. ಇದೇ ಇಳಿಜಾರಿನ ಐದನೆಯ ತಿರುವಿನಲ್ಲಿ ಬಾಲ ಓಲಾಡಿ ಬಂಡೆಗೆ ಬಡಿಯಿತು. ಗಂಡನ ಬಲಗಾಲು ಅಂದಿನಿಂದ ಮಡಚುವುದಿಲ್ಲ. "ಎಲ್ಲರೂ ಅವರನ್ನೇ ಬೈದರು, ಓಡಿಸೋಕೆ ಬರಲ್ಲ ಅಂತ. ಸಾಣೆಕಲ್ಲುಗಳನ್ನ ಹಿಂದಿನ ಮಂಚದ ಕೆಳಗೆ ತುಂಬಿದ್ದು ನಾನು. ಅಲ್ಲಿ ಜಾಗ ಇತ್ತು, ತುಂಬಿದೆ."

ಈಗ ಗೇಟಿನ ಪಕ್ಕ, ಗಾಲಿ ಕಳಚಿದ ಹಳೆಯ ಟ್ರೇಲರೊಂದರಲ್ಲಿ ಇಬ್ಬರ ವಾಸ. ಅಡುಗೆಗೆ ನಿಂತರೆ ಬೆನ್ನು ಮಂಚಕ್ಕೆ ತಾಗುತ್ತದೆ. ಕೆಲಸ ಇರುವ ತನಕ ಮಾತ್ರ ಈ ಮನೆ. ಕಿಟಕಿಯ ಬಳಿ ಕಾಲು ಚಾಚಿ ಕುಳಿತ ಗಂಡ ಹೊರಗಿನ ವಾದವನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. "ಒಪ್ಪಿಕೊಂಡುಬಿಡಪ್ಪ ತಮ್ಮಾ," ಎಂದು ಕೂಗುತ್ತಾರೆ. "ನಲವತ್ತು ವರ್ಷದಿಂದ ನಾನು ಒಂದು ವಾದಾನೂ ಗೆದ್ದಿಲ್ಲ."

ಯುವಕ ನಗುವುದಿಲ್ಲ. ತಂಗುದಾಣದ ಮಾಲೀಕನಿಗೆ ಫೋನು ಮಾಡುತ್ತಾನೆ.

ಹಿಂದಿನ ವಾರವಷ್ಟೇ ಮಾಲೀಕ ಚಿಕ್ಕಮ್ಮನಿಗೆ ಖಡಾಖಂಡಿತವಾಗಿ ಹೇಳಿದ್ದಾನೆ: ತಡೆದರು ಅಂತ ಇನ್ನೊಂದು ದೂರು ಬಂದರೆ ಗೇಟಿನ ಕೀಲಿ ಕೊಟ್ಟು ಜಾಗ ಖಾಲಿ ಮಾಡಬೇಕು. ಯುವಕ ಫೋನನ್ನು ಚಿಕ್ಕಮ್ಮನ ಕಿವಿಯ ಹತ್ತಿರ ಹಿಡಿಯುತ್ತಾನೆ.

"ನೋಡಮ್ಮ, ಹೋಗೋರನ್ನ ಹೋಗೋಕೆ ಬಿಡು. ಗೇಟು ತೆಗಿ."

"ಸಾರ್, ಮೂತಿ ಹದಿನಾರೇ ಇದೆ."

"ಅದು ಅವರ ಮೂತಿ. ನಿನ್ನ ಕೆಲಸ ಗೇಟು."

ಚಿಕ್ಕಮ್ಮ ಒಂದು ಗಳಿಗೆ ಕಿಟಕಿಯತ್ತ ನೋಡುತ್ತಾರೆ. ಗಂಡ ಈಗ ತಮಾಷೆ ಮಾಡುತ್ತಿಲ್ಲ. ಚಿಕ್ಕಮ್ಮ ಎದ್ದು ಹೋಗಿ ಚಿಲಕ ಸರಿಸಿ ಗೇಟನ್ನು ಪೂರ್ತಿ ತೆರೆಯುತ್ತಾರೆ. ಕೆಳಗೆ, ಹಾವಿನಂತೆ ಮಲಗಿದ ರಸ್ತೆ. ಯುವಕ ಕಾರು ಹತ್ತಿ, ಮೂತಿಗೆ ಸಿಕ್ಕಿಸಲು ಅದನ್ನು ಹಿಂದಕ್ಕೆ ಹಿಂದಕ್ಕೆ ತರುತ್ತಾನೆ. ಆರೂಕಾಲು.

ಅವನ ಹೆಂಡತಿ ಟ್ರೇಲರಿನ ಪಕ್ಕದಲ್ಲೇ ನಿಂತಿದ್ದಾಳೆ. ಚಿಕ್ಕಮ್ಮ ಅವಳ ಬಳಿ ಹೋಗಿ ನಿಲ್ಲುತ್ತಾರೆ. "ತಾಯಿ, ಗೇಟು ತೆಗೆದಿದ್ದೀನಿ. ತಡೀತಾ ಇಲ್ಲ. ಸಿಕ್ಕಿಸೋ ಮುಂಚೆ ಒಂದ್ಸಲ ಈ ಮೂತಿ ಎತ್ತಿ ನೋಡು."

"ನಾನಾ? ನನ್ನ ಕೈಲಿ ಆಗುತ್ತಾ?"

"ಒಂದೇ ಕೈಲಿ."

ಅವಳು ಬಗ್ಗಿ ಹಿಡಿಯುತ್ತಾಳೆ. ಅವಳು ಉಂಡು ಮಲಗುವ, ತನ್ನದೆನ್ನುವುದೆಲ್ಲ ತುಂಬಿರುವ ಮನೆಯ ಮೂತಿ, ನೀರಿನ ಬಕೆಟ್ಟಿನಷ್ಟು ಸಲೀಸಾಗಿ ಮೇಲೇಳುತ್ತದೆ.

"ನಿನ್ನ ಒಂದು ಕೈಗೆ ಎದ್ದಿದ್ದು ಗಾಳಿಗೆ ಏಳಲ್ವಾ?" ಎನ್ನುತ್ತಾರೆ ಚಿಕ್ಕಮ್ಮ, ಮೆಲ್ಲಗೆ.

ಕಾರು ಒಂದು ಗೇಣು ದೂರದಲ್ಲಿದೆ. ಹೆಂಡತಿ ಮೂತಿಯನ್ನು ಇಳಿಸಿ, ಗಂಡನಿಗೆ ಏನೂ ಹೇಳದೆ, ಟ್ರೇಲರಿನ ಹಿಂದಕ್ಕೆ ನಡೆದು ಟ್ಯಾಂಕಿನ ನಲ್ಲಿ ತಿರುಗಿಸಿಬಿಡುತ್ತಾಳೆ. ನೀರು ಜಲ್ಲಿಯ ಮೇಲೆ ಭೋರೆಂದು ಬೀಳುತ್ತದೆ.

"ಏನೇ ಮಾಡ್ತಿದ್ದೀಯ? ಹೊತ್ತಾಗ್ತಾ ಇದೆ!"

"ಕೆಲಸ ನನ್ನದು. ಹೊತ್ತೂ ನಂದೇ. ನೀವು ಇಳಿದು ಬಂದು ನನ್ನ ಹೊಲಿಗೆ ಮೆಷೀನಿಗೆ ಕೈ ಹಾಕಿ."

ಮೆಷೀನು ಇಪ್ಪತ್ತು ಕಿಲೋ, ಇದ್ದದ್ದು ಹಿಂದಿನ ಮಂಚದ ಕೆಳಗೆ. ಅದನ್ನು ಇಬ್ಬರೂ ಹೊತ್ತು ಮುಂದಿನ ಖಾಲಿ ಪೆಟ್ಟಿಗೆಗೆ ತಂದಿಟ್ಟು ಹಗ್ಗದಿಂದ ಬಿಗಿಯುತ್ತಾರೆ. ಟ್ಯಾಂಕು ಬರಿದಾಗಲು ಹದಿನೆಂಟು ನಿಮಿಷ ಹಿಡಿಯುತ್ತದೆ. ಚಿಕ್ಕಮ್ಮ ಮತ್ತೆ ಮಂಡಿಯೂರುತ್ತಾರೆ. ಮುಳ್ಳು ನಡುಗಿ ನಿಲ್ಲುತ್ತದೆ.

"ಐವತ್ತಮೂರು. ಇನ್ನು ಹೊರಡಿ. ನಲವತ್ತರ ಮೇಲೆ ಓಡಿಸಬೇಡಪ್ಪ. ಬಾಲ ಆಡಿದರೆ ಸ್ಟೇರಿಂಗು ತಿರುಗಿಸಿ ಸರಿಮಾಡೋಕೆ ಹೋಗಬೇಡ, ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಮೇಲಿನ ಕಾಲು ಸಡಿಲ ಬಿಡು."

ಅವನು ತಲೆಯಾಡಿಸುತ್ತಾನೆ. ಟ್ರೇಲರನ್ನು ಸಿಕ್ಕಿಸಿ ಹೊರಡುತ್ತಾನೆ.

ಗೇಟಿನಿಂದ ಎಂಟು ತಿರುವುಗಳು ಕಾಣುತ್ತವೆ. ಚಿಕ್ಕಮ್ಮ ಕಂಬ ಹಿಡಿದು ಒಂದೊಂದನ್ನೇ ಎಣಿಸುತ್ತಾರೆ. ನಾಲ್ಕರವರೆಗೆ ಗಾಳಿಗೆ ಗುಡ್ಡದ ಮರೆಯಿದೆ. ಐದರಲ್ಲಿ ಬಯಲು, ಪಕ್ಕದ ಗಾಳಿ ನೇರ ಬಡಿಯುವುದು ಅಲ್ಲಿಯೇ. ಇವತ್ತು ಗಾಳಿ ಬೇಗ ಎದ್ದಿದೆ, ರಸ್ತೆಯಂಚಿನ ಹುಲ್ಲು ಮಲಗುತ್ತಿದೆ. ಬಿಳಿಯ ಟ್ರೇಲರು ಮರೆಯಿಂದ ಹೊರಬರುತ್ತದೆ. ಬಾಲ ಒಮ್ಮೆ ಎಡಕ್ಕೆ ಸರಿಯುತ್ತದೆ. ಬಲಕ್ಕೆ ಬರುತ್ತದೆ, ಮೊದಲಿಗಿಂತ ಕಡಿಮೆ. ಮತ್ತೆ ಎಡಕ್ಕೆ, ಇನ್ನೂ ಕಡಿಮೆ. ಆಮೇಲೆ ನೆಟ್ಟಗಾಗುತ್ತದೆ. ಆರು. ಏಳು. ಎಂಟು.

ಒಂಬತ್ತಕ್ಕೆ ಮಾಲೀಕ ಬರುವಾಗ ಚಿಕ್ಕಮ್ಮ ಕೀಲಿಗೊಂಚಲನ್ನು ಕೈಯಲ್ಲೇ ಹಿಡಿದುಕೊಂಡಿರುತ್ತಾರೆ.

"ತಡೆದೆಯಾ?"

"ಇಲ್ಲ ಸಾರ್. ಗೇಟು ತೆಗೆದೇ ಇತ್ತು. ನೀರು ಚೆಲ್ಲಿದ್ದು ಅವಳು."

ಅವನು ಒದ್ದೆ ಜಲ್ಲಿಯನ್ನು, ತೂಕದ ಯಂತ್ರವನ್ನು ಬಹಳ ಹೊತ್ತು ನೋಡುತ್ತಾನೆ. ಕೀಲಿಗೆ ಕೈ ಚಾಚುವುದಿಲ್ಲ. "ಇನ್ನು ಮೇಲೆ ತೂಗೋದೇನಿದ್ರೂ ಗೇಟಿನಾಚೆ ಮಾಡ್ಕೋ. ರಸ್ತೇಲಿ ನೀನು ಏನು ಮಾಡಿದ್ರೂ ನನ್ನ ತಲೆನೋವಲ್ಲ," ಎಂದು ಕಚೇರಿಯತ್ತ ನಡೆಯುತ್ತಾನೆ.

ಚಿಕ್ಕಮ್ಮ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನಾಚೆ ಹೋಗಿ ನೆಲ ನೋಡುತ್ತಾರೆ. ಇಳಿಜಾರು. ಇಲ್ಲಿ ತೂಗಿದರೆ ಮುಳ್ಳು ನಿಜ ಹೇಳುವುದಿಲ್ಲ. ಏನಾದರೂ ಬೇಕೆಂದು ಅವರು ಬಾಯಿ ಬಿಟ್ಟು ಹೇಳುವುದು ಇದೊಂದನ್ನೇ:

"ಯಾರಾದ್ರೂ ಇಲ್ಲಿ ಮಟ್ಟಸವಾಗಿ ಒಂದು ಕಲ್ಲು ಚಪ್ಪಡಿ ಹಾಕಿಸಿಕೊಟ್ರೆ ಸಾಕು. ಒಂದು ಟ್ರೇಲರು ನಿಲ್ಲುವಷ್ಟು."