ಪುಸ್ತಕದಲ್ಲಿ ಇಲ್ಲದ ‘ಯವ್ವಾ’

ನನ್ನ ಗಂಡ ನಿಷ್ಪಕ್ಷಪಾತಿ ಎಂದು ಮುಂಬಯಿಯ ಕನ್ನಡಿಗರು ಹೊಗಳಿದ್ದುಂಟು. ಆ ಹೊಗಳಿಕೆಗೆ ಬೆಲೆ ತೆತ್ತವಳು ನಾನು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ದಾದರಿನಲ್ಲಿ ಕನ್ನಡ ಸಂಘಗಳ ನಾಟಕ ಸ್ಪರ್ಧೆಯಿತ್ತು. ಎಲ್ಲರೂ ಓದಿದ್ದ ಹಳೆಯ ಕಾದಂಬರಿಯೊಂದನ್ನು ನಮ್ಮ ತಂಡ ರಂಗಕ್ಕೆ ತಂದಿತ್ತು. ಅದರಲ್ಲಿ ತವರಿಗೆ ಬಂದು ಮುಟ್ಟುವಷ್ಟರಲ್ಲಿ ತಾಯಿಯನ್ನು ಕಳೆದುಕೊಳ್ಳುವ ಮಗಳು ನಾನು.

ನಮ್ಮ ಜೊತೆಗೇ ಇದ್ದ ಅತ್ತೆ ಒಂದು ಷರತ್ತು ಹಾಕಿದ್ದರು. “ಬಹುಮಾನ ತಂದ್ರ ಮುಂದಿನ ವರ್ಷಾನೂ ಬಣ್ಣಾ ಹಚ್ಕೊ. ಇಲ್ಲಾಂದ್ರ ಇದss ಕಡೀದು.” ಇದು ಗಂಡನಿಗೂ ಗೊತ್ತಿತ್ತು. ನಾವಿದ್ದ ಅಂಧೇರಿಯ ಚಾಳಿನಲ್ಲಿ ನೀರಿನ ಸರದಿಗೆ ನಿಂತಾಗಲೂ ನನ್ನ ಬಾಯಲ್ಲಿ ನಾಟಕದ ಮಾತುಗಳೇ. ಪಕ್ಕದ ಮರಾಠಿ ಹೆಂಗಸು ನನಗೇನೋ ಆಗಿದೆ ಎಂದು ಗಾಬರಿಯಾಗಿದ್ದಳು.

ಸ್ಪರ್ಧೆಯ ಬೆಳಿಗ್ಗೆ ಮೂವರು ತೀರ್ಪುಗಾರರಲ್ಲಿ ಒಬ್ಬರಿಗೆ ಜ್ವರ. ಆ ಕುರ್ಚಿಗೆ ನಮ್ಮವರನ್ನೇ ಹಿಡಿದು ಕೂರಿಸಿದರು. ಫೋರ್ಟಿನ ಆಫೀಸಿನಲ್ಲಿ ಕಡತ ತಿದ್ದುವ ಗುಮಾಸ್ತ, ಸಂಘದಲ್ಲಿ ಮಾತ್ರ ದೊಡ್ಡ ವಿದ್ವಾಂಸ! “ಹೇಣ್ತಿ ಅಂತ ನಾ ಬಿಡಾಂವಲ್ಲ” ಎಂದು ಎಲ್ಲರಿಗೂ ಕೇಳುವಂತೆ ಸಾರಿ, ಕಾದಂಬರಿಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಸಣ್ಣ ಟಾರ್ಚು ಹೊತ್ತಿಸಿ ಕುಳಿತರು. ರಂಗದ ಮೇಲಿನಿಂದ ನನಗೆ ಅವರ ಬೈತಲೆ ಮಾತ್ರ ಕಾಣುತ್ತಿತ್ತು. ನಾವು ಒಂದು ಮಾತು ಹೆಚ್ಚುಕಡಿಮೆ ಆಡಿದರೂ ಪೆನ್ಸಿಲು ಅಲುಗಾಡುತ್ತಿತ್ತು.

ಕೊನೆಯ ದೃಶ್ಯ ಬಂತು. ತಾಯಿಯ ಹೆಣದ ಮುಂದೆ ನಾನು “ಅಮ್ಮಾ” ಎಂದು ಕೂಗಬೇಕು. ವಿಜಾಪುರದ ಕಡೆಯವಳು ನಾನು, ಹುಟ್ಟಿದಾಗಿನಿಂದ ಹೆತ್ತವಳನ್ನು ಹಾಗೆ ಕರೆದವಳಲ್ಲ. ಹೊಟ್ಟೆಯೊಳಗಿಂದ “ಯವ್ವಾ” ಎಂದೇ ಬಂತು. ಸಭಾಗೃಹವೇ ಬಿಕ್ಕಿತು. ಸಭೆಯಲ್ಲಿದ್ದ, ‘ಯವ್ವಾ’ ಎನ್ನದ ಉಡುಪಿ ಹೋಟೆಲಿನವರೂ ಕಣ್ಣೊರೆಸಿಕೊಂಡರು. ಟಾರ್ಚಿನ ಬೆಳಕು ಮಾತ್ರ ಪುಟ ಬಿಟ್ಟು ಕದಲಲಿಲ್ಲ.

ಉಳಿದಿಬ್ಬರು ನನಗೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ನಮ್ಮವರು ಕೊಟ್ಟದ್ದು ಮೂರು. ನಟಿಯ ಬಹುಮಾನ ಬೇರೆ ತಂಡದವಳಿಗೆ ಹೋಯಿತು. ಜನ ಬಂದು ಗಂಡನ ಕೈ ಕುಲುಕಿದರು, ನನ್ನದನ್ನಲ್ಲ.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಕೇಳಿದೆ. “ಮೂರss ಯಾಕ್ರಿ?”

“ಪುಸ್ತಕದಾಗ ‘ಅಮ್ಮಾ’ ಅಂತ ಐತಿ.”

“ಜನಾ ಅಳಾಕತ್ತಿದ್ರು. ನಾನೂ ಖರೇನ ಅತ್ತೀನ್ರಿ. ನೋಡಿದ್ರಿಲ್ಲೊ?”

“ಪುಸ್ತಕ ನೋಡ್ಲೊ, ನಿನ್ನ ನೋಡ್ಲೊ?”

ಮನೆ ಮುಟ್ಟಿದ ಮೇಲೆ ಅತ್ತೆ ನನ್ನ ಬರಿಗೈ ನೋಡಿದರು. ಮುಂದಿನ ವರ್ಷ ತಂಡದವರು ಕರೆಯಲು ಬಂದಾಗ ಗಂಡನೇ ಬಾಗಿಲಲ್ಲಿ ನಿಂತು “ಆಕಿಗೆ ಆಸಕ್ತಿ ಇಲ್ರಿ” ಎಂದು ಕಳಿಸಿಬಿಟ್ಟರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಆ ರೊಟ್ಟಿಯನ್ನು ಅವರ ಮುಖಕ್ಕೇ ಎಸೆಯಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಮತ್ತೆ ನಾನು ಬಣ್ಣ ಹಚ್ಚಲಿಲ್ಲ.

ಆರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಚಹಾ ಕುಡಿಯುತ್ತಲೇ ಗೋಡೆಗೆ ಒರಗಿದವರು ಏಳಲಿಲ್ಲ. ಆಫೀಸಿಗೆ ಹೊರಟಿದ್ದ ಗಂಡ ಚೀಲ ಎಸೆದು ಬಂದು ಅವರ ಕಾಲಿಗೆ ಬಿದ್ದು ಕೂಗಿದರು. “ಯವ್ವಾ!”

ಚಾಳಿಗೆ ಚಾಳೇ ಓಡಿಬಂತು. ಸಮಾಧಾನ ಮಾಡಬೇಕಾದವಳು ನಾನು, ಗೋಡೆ ಹಿಡಿದು ನಿಂತುಬಿಟ್ಟೆ. ತಲೆ ತಗ್ಗಿಸದೆ, ಕಣ್ಣು ಕದಲಿಸದೆ, ಅವರು ಅಳುವುದನ್ನು ಪೂರ್ತಿ ನೋಡಿದೆ.

ಹತ್ತಕ್ಕೆ ಹತ್ತು. ಇವತ್ತಿನವರೆಗೂ ಅವರಿಗೆ ಹೇಳಿಲ್ಲ.