ಗುಳಿಗೆ ಮಾರುವವನ ಮಗಳು

ಇಪ್ಪತ್ತು ವರ್ಷದಿಂದ ಮಾನ್ವಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದೇನೆ. ಹಿರೇಕೊಟ್ನೆಕಲ್ಲಿನಿಂದ ಬಂದ ಮುದುಕಿಯ ಮೊಣಕಾಲಿಗಾಗಲಿ, ಸಿರವಾರದ ವ್ಯಾಪಾರಿಯ ಬಿಪಿಗಾಗಲಿ ಗುಳಿಗೆ ಕೊಡುವಾಗ ನಾನು ಎಂದೂ ಹಿಂದೆಮುಂದೆ ನೋಡಿದ್ದಿಲ್ಲ. "ಏನೂ ಆಗಂಗಿಲ್ಲಲ್ರೀ?" ಎಂದು ಯಾರಾದರೂ ಹೆದರಿದರೆ, "ಡಾಕ್ಟರ್ ಬರದಾರ, ಧೈರ್ಯಲೆ ತೊಗೋರಿ" ಎನ್ನುತ್ತೇನೆ. ನನ್ನ ಅಂಗಡಿಯಲ್ಲಿ ಧೈರ್ಯ ಪುಕ್ಕಟೆ. ನನಗೇ ಬೇಕಾದಾಗ ಮಾತ್ರ ಸ್ಟಾಕ್ ಇರಲಿಲ್ಲ.

ಮಗಳು ಸಿಂಚನಾ ನಾಲ್ಕನೇ ತರಗತಿ. ಅವಳು ಒಂದೆಡೆ ಕೂತದ್ದನ್ನು ನೋಡಿದವರು ಕಡಿಮೆ. ಪಾಠದ ನಡುವೆ ಎದ್ದು ಕಿಟಕಿಗೆ ಹೋಗುತ್ತಾಳೆ, ಉತ್ತರ ಗೊತ್ತಿದ್ದೂ ಬರೆಯಲು ಮರೆತು ಬರುತ್ತಾಳೆ. ಬೈಸಿಕೊಂಡು ಬೈಸಿಕೊಂಡು ಈಚೆಗೆ "ನಾ ದಡ್ಡಿ" ಎನ್ನತೊಡಗಿದ್ದಳು. ಅದನ್ನು ಕೇಳಿ ನನಗೆ ಊಟ ಸೇರಲಿಲ್ಲ. ರಾಯಚೂರಿನ ಮನೋವೈದ್ಯರು ಮೂರು ಸಲ ಕರೆಸಿ, ನಮ್ಮನ್ನೂ ಟೀಚರನ್ನೂ ವಿಚಾರಿಸಿ, ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಎಂದರು. ಹಳೆಯ ಕಾಲದ ವೈದ್ಯರಾಗಿದ್ದರೆ ವಾತ ಪ್ರಕೃತಿ ಎಂದು ಹೇಳಿ ತಲೆಗೆ ಎಣ್ಣೆ ಒತ್ತಿ ಕಳಿಸುತ್ತಿದ್ದರೇನೋ. ಇವರು ಓದಿಸುವ ರೀತಿಯನ್ನು ತಿದ್ದಿಕೊಟ್ಟು, ಜೊತೆಗೊಂದು ಗುಳಿಗೆ ಬರೆದು, "ವಿಚಾರ ಮಾಡಿ ಶುರು ಮಾಡ್ರಿ" ಎಂದರು.

ನಾನು ವಿಚಾರವನ್ನಷ್ಟೇ ಮಾಡಿದೆ. ಆ ಗುಳಿಗೆ ನನ್ನ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ರಾಯಚೂರಿನಿಂದಲೇ ತಂದು ಕಪಾಟಿನಲ್ಲಿಟ್ಟೆ. ನೆಗಡಿ ಹೋಗಲಿ ಎಂದೆ, ಕಿರುಪರೀಕ್ಷೆ ಮುಗಿಯಲಿ ಎಂದೆ. ನಿಜ ಹೇಳಬೇಕೆಂದರೆ, ಗುಳಿಗೆಯಿಂದ ಅವಳ ಆ ಮಾತು, ಆ ನಗು ಎಲ್ಲಿ ಮಂಕಾಗುತ್ತವೋ ಎಂಬ ಭಯ.

"ಗಿರಾಕಿ ಹಿಂಗ ಹದಿನೈದು ದಿನ ಮುಂದ ಹಾಕಿದ್ರ ಸುಮ್ಮನಿರ್ತಿದ್ರೇನ್ರೀ?" ಎಂದಳು ಹೆಂಡತಿ. ನಾನು ಪೇಪರ್ ಓದುವವನಂತೆ ಕೂತೆ.

ಭಾನುವಾರ ದೇವದುರ್ಗದ ಅಕ್ಕನ ಮನೆಗೆ ಹೋದಾಗ ಮಾತು ಅಲ್ಲಿಗೂ ಬಂತು. "ಕೂಸಿಗೆ ಗುಳಿಗಿ ಗಿಳಿಗಿ ಬ್ಯಾಡೋ ತಮ್ಮಾ. ಸಣ್ಣಾವಿದ್ದಾಗ ನೀನೂ ಹಿಂಗ ಇದ್ದಿ" ಎಂದಳು ಅಕ್ಕ. ಎಸೆಸೆಲ್ಸಿಯನ್ನು ಎರಡು ಸಲ ಬರೆದವನಿಗೆ ಇದು ಸಮಾಧಾನವೋ ಬೈಗುಳವೋ ತಿಳಿಯಲಿಲ್ಲ. ಹೆಂಡತಿ ಏನೋ ಅಂದಳು, ಭಾವ ಮತ್ತೇನೋ ಅಂದರು. ಅಷ್ಟರಲ್ಲಿ ಜೋಳಿಗೆಯಂತೆ ಬಾಗಿಲಿಗೆ ಜೋತಾಡುತ್ತಿದ್ದ ಸಿಂಚನಾ ಕೆಳಗಿಳಿದಳು.

"ಎಲ್ಲಾರೂ ನನ್ನ ಬಗ್ಗೆನ ಮಾತಾಡಾಕತ್ತೀರಿ, ನನ್ನ ಯಾರೂ ಕೇಳವಲ್ರಿ. ಟೀಚರ್ ಹೇಳೂದು ಪೂರ್ತಿ ಕೇಳಬೇಕಂತ ನನಗೂ ಅನಸ್ತದ, ಅರ್ಧಕ್ಕ ತಪ್ಪಿ ಹೋಗ್ತದ ಅತ್ತೀ. ತೊಗೊಂಡು ನೋಡ್ತೀನಿ. ಸೇರಲಿಲ್ಲಂದ್ರ ಡಾಕ್ಟರ್‌ಗೆ ನಾನ ಹೇಳ್ತೀನಿ."

ಅಕ್ಕ ಅವಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು. ನನ್ನ ಎದೆ ಉಬ್ಬಿತು. ಇಪ್ಪತ್ತು ವರ್ಷದಲ್ಲಿ ಯಾವ ಗಿರಾಕಿಯೂ ತನ್ನ ಕಾಯಿಲೆಯನ್ನು ಇಷ್ಟು ಚೊಕ್ಕಾಗಿ ಹೇಳಿದ್ದಿಲ್ಲ.

ಸೋಮವಾರ ತಿಂಡಿ ತಿಂದು ಅವಳೇ ಗುಳಿಗೆ ನುಂಗಿದಳು. ನೀರಿನ ಲೋಟ ಹಿಡಿದ ನಾನು ಮಾತ್ರ ಇನ್ನೂ ಹಿಂದೆಮುಂದೆ ನೋಡುತ್ತಿದ್ದೆ.

ಮಧ್ಯಾಹ್ನ ಶಾಲೆಯಿಂದ ಬಂದವಳು ಚೀಲ ಎಸೆದು, "ಪಪ್ಪಾ, ಆರನೇ ಲೆಕ್ಕ ಪುಸ್ತಕದಾಗನ ತಪ್ಪದ" ಎಂದು ಜಗಳಕ್ಕೆ ನಿಂತಳು. ಮಾತೂ ಮಂಕಾಗಿರಲಿಲ್ಲ, ದನಿಯೂ ಇಳಿದಿರಲಿಲ್ಲ. ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಮಾಡಿ ನೋಡಿದೆ. ಪುಸ್ತಕ ಸರಿಯಾಗೇ ಇತ್ತು. ಆದರೆ ನನ್ನ ಮಗಳು ಪುಸ್ತಕದೊಂದಿಗೆ ಜಗಳವಾಡುವಷ್ಟು ಹೊತ್ತು ಅದರ ಮುಂದೆ ಕೂತಿದ್ದಳು!