ಲೆಸ್ ಕೈಬಿಟ್ಟ ಚೆಂಡು, ನಾನು ಹೇಳಿದ ಸುಳ್ಳು

ಪಾಮರ್ಸ್ಟನ್ ನಾರ್ತ್‌ನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯ ಯಜಮಾನರು ಬಾಗಿಲಲ್ಲೇ ಕೇಳಿದ ಮೊದಲ ಪ್ರಶ್ನೆ, "ನೀನು ಯಾವ ಆಟ ಆಡ್ತಿದ್ದೆ?" ಹುಬ್ಬಳ್ಳಿಯಲ್ಲಾಗಿದ್ದರೆ ಯಾವ ಮಂದಿ, ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಿದ್ದರು; ಅದಕ್ಕೆ ಉತ್ತರ ಸಿದ್ಧವಿತ್ತು. ಆಗಲೇ ನಾಲ್ಕು ಮನೆಯವರು ನಮ್ಮನ್ನು ಬೇಡವೆಂದಿದ್ದರು. "ಕ್ರಿಕೆಟ್. ರಾಜ್ಯ ತಂಡಕ್ಕೆ ಆಡಿದ್ದೇನೆ" ಎಂದುಬಿಟ್ಟೆ. ನಿಜವಾಗಿ ನಾನು ಕಾಲೇಜು ತಂಡಕ್ಕೆ ಸ್ಕೋರು ಬರೆಯುತ್ತಿದ್ದವನು.

ಮನೆ ಸಿಕ್ಕಿತು. ಹೊರಗೆ ಬಂದ ಮೇಲೆ ಹೆಂಡತಿ ಶೈಲಾ ಕೇಳಿದಳು, "ಸುಳ್ಳ್ಯಾಕ ಹೇಳಿದ್ರಿ? ಸ್ಕೋರ್ ಬರಿತಿದ್ದೆ ಅಂದಿದ್ರ ಮನಿ ಕೊಡ್ತಿರ್ಲಿಲ್ಲೇನು?"

ಯಜಮಾನರ ಹೆಸರು ಲೆಸ್. ಎಪ್ಪತ್ತು ದಾಟಿತ್ತು. ಮೂಲತಃ ಆಸ್ಟ್ರೇಲಿಯಾದವರು, ಹೆಂಡತಿಯ ಊರೆಂದು ಈ ದೇಶಕ್ಕೆ ಬಂದು ನೆಲೆಸಿ, ಈಗ ಒಬ್ಬರೇ ಉಳಿದಿದ್ದರು. ಹಿತ್ತಲಿನ ಫೀಜೋವಾ, ಅಂದರೆ ಪೇರಲದಂಥ ಹಸಿರು ಹಣ್ಣು, ಬುಟ್ಟಿ ತುಂಬ ತಂದುಕೊಟ್ಟು ಶೈಲಾ ಮಾಡಿದ ರೊಟ್ಟಿ ತಿನ್ನುತ್ತಾ ತಮ್ಮ ಕಥೆ ಹೇಳುತ್ತಿದ್ದರು.

ಐವತ್ತರ ದಶಕದಲ್ಲಿ ಅವರು ಮೆಲ್ಬರ್ನ್‌ನ ದೊಡ್ಡ ತಂಡವೊಂದಕ್ಕೆ ಮೂರು ವರ್ಷ ಫುಟ್‌ಬಾಲ್ ಆಡಿದ್ದರು. ಹಗಲು ಚರ್ಮ ಹದ ಮಾಡುವ ಕಾರ್ಖಾನೆಯ ಕೆಲಸ, ಸಂಜೆ ಅಭ್ಯಾಸ. ಅವರ ಫುಟ್‌ಬಾಲೇ ಬೇರೆ. ಚೆಂಡು ಮೊಟ್ಟೆಯಾಕಾರ, ಕೈಯಲ್ಲೂ ಹಿಡಿಯಬಹುದು. ದೂರದಿಂದ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ 'ಮಾರ್ಕ್'. ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ಒದೆಯಬಹುದು. ಸೆಮಿಫೈನಲ್‌ನ ಕೊನೆಯ ನಿಮಿಷದಲ್ಲಿ, ಗೋಲಿನ ಮುಂದೆ, ಲೆಸ್ ಕೈಗೆ ಬಂದ ಚೆಂಡು ಜಾರಿತು. ತಂಡ ಸೋತಿತು. ಮುಂದಿನ ವರ್ಷ ಅವರನ್ನು ಯಾರೂ ಕರೆಯಲಿಲ್ಲ.

"ಬಿಸಿಲು ಕಣ್ಣು ಕುಕ್ಕಿತು ಅಂತ ಪೇಪರಿನವರು ಬರೆದರು," ಎಂದರು. "ಬಿಸಿಲಿರಲಿಲ್ಲ. ನಾನೇ ಬಿಟ್ಟೆ."

ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ.

ಬೇಸಿಗೆಯ ಒಂದು ಶನಿವಾರ ಲೆಸ್ ತಮ್ಮ ಕ್ರಿಕೆಟ್ ಕ್ಲಬ್ಬಿಗೆ ಕರೆದೊಯ್ದು, ಹೆಗಲ ಮೇಲೆ ಕೈಯಿಟ್ಟು, ನಲವತ್ತು ಜನರೆದುರು ನನ್ನನ್ನು ರಾಜ್ಯದ ಆಟಗಾರನೆಂದು ಪರಿಚಯಿಸಿದರು. ಚಪ್ಪಾಳೆ ನಿಂತ ಮೇಲೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಬೆಂಗಳೂರಿನ ಪ್ರಸಾದ್ ಹತ್ತಿರ ಬಂದರು. "ಕನ್ನಡದವರಾ? ಯಾವ ವರ್ಷ ಆಡಿದ್ದು ಸಾರ್? ನಿಮ್ಮ ಹೆಸರೇ ಕೇಳಿಲ್ವಲ್ಲ."

ಮನೆಯ ಹೊರಗೆ ಕನ್ನಡ ಕಿವಿಗೆ ಬಿದ್ದು ಎಂಟು ತಿಂಗಳಾಗಿತ್ತು. ನಾನು ಅದನ್ನು ಬಳಸಿದ್ದು ಹೀಗೆ: "ನಾ ಆಡಿಲ್ರೀ. ಕೈ ಮುಗೀತೀನಿ, ಇಲ್ಲಿ ಹೇಳಬ್ಯಾಡ್ರಿ."

ಪಕ್ಕದಲ್ಲೇ ಇದ್ದ ಲೆಸ್‌ಗೆ ಅರ್ಥವಾಗಲಿಲ್ಲ; ಇಬ್ಬರು ಊರಿನವರು ಸಿಕ್ಕರೆಂದು ನಗುತ್ತಿದ್ದರು. ಪ್ರಸಾದ್ ನನ್ನನ್ನೊಮ್ಮೆ ನೋಡಿ, ಚಹಾ ಲೋಟ ಹಿಡಿದು ಆಚೆ ಹೋದರು.

ಮರುದಿನ ಬೆಳಿಗ್ಗೆ ಲೆಸ್‌ಗೆ ಎಲ್ಲ ಹೇಳಿದೆ. "ನಾನು ಎಲ್ಲರಿಗೂ ಹೇಳಿಕೊಂಡು ಬಂದೆನಲ್ಲ," ಎಂದರು. ಮನೆ ಬಿಡುತ್ತೇನೆಂದೆ. ಬೇಡವೆಂದು ಕೈಯಾಡಿಸಿದರು. ಆ ವಾರ ಕ್ಲಬ್ಬಿಗೆ ಹೋಗಿ, ವಯಸ್ಸಾಯಿತು, ತಪ್ಪು ಕೇಳಿಸಿಕೊಂಡಿದ್ದು ತಾನೇ ಎಂದು ಹೇಳಿ ಬಂದರಂತೆ. ತಮಗಾಗಿ ಒಂದು ಸುಳ್ಳನ್ನೂ ಒಪ್ಪದ ಮನುಷ್ಯ ನನಗಾಗಿ ಹೇಳಿದರು.

ಕ್ಲಬ್ಬಿನವರು ಈಗಲೂ ನನ್ನನ್ನು ಪ್ರೀತಿಯಿಂದ ಕಾಣುತ್ತಾರೆ. ಈ ಯುಗಾದಿಗೆ ಇಲ್ಲಿನ ಕನ್ನಡ ಮನೆಗಳವರೆಲ್ಲ ಒಂದು ಹಾಲ್‌ನಲ್ಲಿ ಸೇರಿದ್ದರು. ಬಾಗಿಲಲ್ಲಿ ಪ್ರಸಾದ್ ನಿಂತಿದ್ದರು. ಶೈಲಾ ಹೋಳಿಗೆಯ ಡಬ್ಬಿ ಹಿಡಿದು ಕಾರಿನಿಂದ ಇಳಿದಳು. "ಬರ್ರಿ," ಎಂದಳು. ನೀ ನಡಿ ಎಂದೆ. ಕಾರಿನ ಗಾಜು ಇಳಿಸಿಕೊಂಡು, ಒಳಗಿನ ಮಾತುಗಳನ್ನು ಕೇಳುತ್ತಾ ಕೂತೆ.